ಬಿಳಿ ಗಂಟಿನ ಕಂಬಳಿ

ಕಂಬಳಿಯನ್ನು ಮಡಚಿ ಪಾರ್ಸೆಲ್ ಮಾಡಬಾರದು, ಸುತ್ತಿ ಮಾಡಬೇಕು. ಇಷ್ಟು ತಿಳಿಯುವುದಕ್ಕೆ ನಾನು ಒಂಬತ್ತು ಕಂಬಳಿ ಹಾಳು ಮಾಡಿದೆ. ಹುಣಸೆ ಬೀಜದ ಗಂಜಿ ಕುಡಿದ ಕಂಬಳಿ ಹಲಗೆಯಷ್ಟು ಬಿರುಸು. ಮಡಚಿದರೆ ಮಡಿಕೆ ಬಿದ್ದಲ್ಲಿ ಗಂಜಿ ಬಿರಿಯುತ್ತದೆ, ಬಿರಿದಲ್ಲಿ ನೀರು ಇಳಿಯುತ್ತದೆ. ಕೊನೆಗೆ ಗಂಗಾವತಿಯ ಬಟ್ಟೆ ಅಂಗಡಿಗಳವರು ಥಾನು ಮುಗಿದ ಮೇಲೆ ಎಸೆಯುವ ರಟ್ಟಿನ ಕೊಳವೆಗಳನ್ನು ಬೇಡಿ ತಂದೆ. ಅದಕ್ಕೆ ಕಂಬಳಿ ಸುತ್ತಿ, ಒಳಗೆ ಒಂದು ಹಿಡಿ ಒಣ ಬೇವಿನೆಲೆ ಹಾಕಿ, ಮೇಲೆ ಪ್ಲಾಸ್ಟಿಕ್ ಹೊಲಿದು ಕುಷ್ಟಗಿಯ ಅಂಚೆ ಕಚೇರಿಗೆ ಹೊರುತ್ತಿದ್ದೆ. ‘ಬರ್ರಿ ಬರ್ರಿ, ತೋಪು ಬಂತು, ಎಲ್ಲಾರೂ ಸರೀರಿ’ ಎಂದು ಕೌಂಟರಿನವರು ನಗುತ್ತಿದ್ದರು.

ನಮ್ಮದು ನಾಲ್ಕು ಜನರ ವ್ಯಾಪಾರ. ನೇಯುವವನು ದೊಡ್ಡಮಾವ, ನನ್ನ ಅವ್ವನ ಹಿರಿಯಣ್ಣ. ಉಣ್ಣೆ ಕೊಡುವವನು ಅವನ ತಮ್ಮ ಸಣ್ಣಮಾವ, ಕುರಿಗಾರ. ನೂಲುವವಳು ದೊಡ್ಡಮಾವನ ಹೆಂಡತಿ, ನನ್ನ ಅತ್ತೆ. ಮಾರುವವಳು ನಾನು. ಕುಷ್ಟಗಿಯ ಕಚೇರಿಯೊಂದರಲ್ಲಿ ನನ್ನ ಗುತ್ತಿಗೆ ಕೆಲಸ ಮುಗಿದು ಕೈ ಖಾಲಿಯಾಗಿತ್ತು. ಮೊಬೈಲಿನಲ್ಲಿ ಇಂಟರ್‌ನೆಟ್ ಅಗ್ಗವಾದ ಹೊಸದು. ಹತ್ತು ಮೈಲಿ ಆಚೆಯ ಮಾವನ ಊರಿಗೆ ಗಂಟುಮೂಟೆ ಸಮೇತ ಹೋಗಿ ಕೂತೆ.

ಈ ಹುಚ್ಚು ಹತ್ತಿದ್ದು ಗಂಗಾವತಿ ಬಸ್ ನಿಲ್ದಾಣದಲ್ಲಿ. ಸಾಣಾಪುರದ ಬಂಡೆ ಹತ್ತಲು ಬಂದಿದ್ದ ಪೇಟೆಯ ಹುಡುಗನೊಬ್ಬ ಸಣ್ಣಮಾವನ ಹೆಗಲ ಮೇಲಿನ ಕಂಬಳಿಯನ್ನು ಮುಟ್ಟಿ ಮುಟ್ಟಿ ನೋಡಿದ. ಇಂಥದ್ದನ್ನು ಹಾಸಿಕೊಂಡರೆ ಕಲ್ಲು ಒತ್ತುವುದಿಲ್ಲ, ತೇವ ಹತ್ತುವುದಿಲ್ಲ, ಎಷ್ಟಾದರೂ ಸರಿ ಮಾರುತ್ತೀರಾ ಎಂದು ಕೇಳಿದ. ಸಣ್ಣಮಾವ ಸಿಟ್ಟಾದ. ‘ಮೈಮ್ಯಾಲಿನ ಕಂಬಳಿ ಮಾರಾಕ ನಾ ಏನ್ ಸತ್ತೀನೇನೋ ತಮ್ಮಾ?’ ಎಂದ. ಹುಡುಗ ಹೆದರಿ ಸರಿದ. ನಾನು ಹಿಂದೆ ಓಡಿ ಅವನ ನಂಬರು ತೆಗೆದುಕೊಂಡೆ. ನಮ್ಮ ಮೊದಲ ಗಿರಾಕಿ ಅವನೇ.

ಬಯಲಲ್ಲಿ ಮಲಗುವವರಿಗೆ, ಬೆಟ್ಟ ಹತ್ತುವವರಿಗೆ, ಟೆಂಟ್ ಹೊಡೆಯುವವರಿಗೆ ಕಂಬಳಿ ಎಂದು ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆದೆ. ಪುಟದ ನೆತ್ತಿಯಲ್ಲಿ ಸಣ್ಣಮಾವನ ಚಿತ್ರ ಹಾಕಿದೆ. ತಲೆಯಿಂದ ಮೊಣಕಾಲಿನವರೆಗೆ ಕಂಬಳಿಯ ಕೊಪ್ಪೆ, ಕೈಯಲ್ಲಿ ಕೋಲು, ಮುಖದಲ್ಲಿ ಅದೇ ಸಿಟ್ಟು. ಮಂದಿಗೆ ಅದು ಬಹಳ ಹಿಡಿಸಿತು.

ಇನ್ನೂ ಹಿಡಿಸಿದ್ದು ನೀರಿನ ಪರೀಕ್ಷೆ. ನೇಯ್ದ ಪ್ರತಿ ಕಂಬಳಿಯನ್ನೂ ದೊಡ್ಡಮಾವ ಹೀಗೆಯೇ ನೋಡುತ್ತಿದ್ದ. ನಾಲ್ಕು ಮೂಲೆಗಳನ್ನು ನಾಲ್ಕು ಗೂಟಕ್ಕೆ ಕಟ್ಟಿ, ನಡುವೆ ತೊಟ್ಟಿಲಿನಂತೆ ತಗ್ಗು ಮಾಡಿ, ಒಂದು ಚರಗಿ ನೀರು ಸುರಿಯುತ್ತಿದ್ದ. ಅತ್ತೆ ಒಲೆಯ ಮುಂದೆ ಐದು ರೊಟ್ಟಿ ಬಡಿದು ಮುಗಿಸುವವರೆಗೆ ಕೆಳಗೆ ಒಂದು ಹನಿಯೂ ಬೀಳಬಾರದು. ಬಿದ್ದರೆ ಮತ್ತೆ ಗಂಜಿ. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ, ಅಂಬಲಿಯ ಹದಕ್ಕೆ ಕುದಿಸಿ ಹಚ್ಚುವುದು ದೊಡ್ಡ ಕೆಲಸ. ಮಗ್ಗಕ್ಕೇರಿಸುವ ಹಾಸಿನ ನೂಲಿಗೆ ಒಮ್ಮೆ ಎಲ್ಲರೂ ಹಚ್ಚುತ್ತಾರೆ. ನೇಯ್ದಾದ ಮೇಲೆ ಎರಡನೆಯ ಸಲ, ಎರಡೂ ಬದಿಗೆ ಹಚ್ಚುವುದು ನಮ್ಮ ಮಾವನ ಮನೆಯ ಪದ್ಧತಿ. ಆ ಎರಡನೆಯ ಕೈಯೇ ಮಳೆ ತಡೆಯುವುದು.

ಆದರೆ ಅದೇ ಗಂಜಿಯ ದೆಸೆಯಿಂದ ಪಾರ್ಸೆಲ್‌ಗಳು ತಿರುಗಿ ಬರತೊಡಗಿದವು. ಚುಚ್ಚುತ್ತದೆ ಎಂದರು. ಕುರಿಯ ವಾಸನೆ ಎಂದರು. ಕೂದಲು ಉದುರುತ್ತದೆ ಎಂದು ಒಬ್ಬರು ಕೂದಲಿನ ಫೋಟೊ ಕಳಿಸಿದರು. ಅತ್ತೆಗೆ ಓದಿ ಹೇಳಿದರೆ, ‘ಕಂಬಳ್ಯಾಗ ಬುತ್ತಿ ಕಟ್ಟಿ ಕೂದಲ ಬಂತು ಅಂದ್ರ ಹೆಂಗಬೇ?’ ಎಂದು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ತಿರುಗಿ ಬಂದ ಕಂಬಳಿಗಳನ್ನು ಬಿಸಿನೀರು, ಅಂಟುವಾಳ ಹಾಕಿ ತೊಳೆದೆ. ಗಂಜಿ ಹೋಯಿತು, ಹಳೆಯ ಸೀರೆಯ ಕೌದಿಯ ಹಾಗೆ ಮೆತ್ತಗಾದವು. ದೊಡ್ಡಮಾವ ಒಂದನ್ನು ಎತ್ತಿ ಹಿಡಿದು, ಕೆಳಗಿಟ್ಟ.

‘ಇದು ಕಂಬಳಿ ಅಲ್ಲವ್ವಾ. ಮಳ್ಯಾಗ ಒಯ್ದ್ರ ಗೋಣಿಚೀಲಾನ ಇದಕಿಂತ ಛಲೋ.’

‘ಮನಿಯೊಳಗ ಹೊದ್ಕೊಳ್ಳೋರಿಗೆ ಮಾವಾ. ಅವರಿಗೆ ಎಲ್ಲಿ ಮಳಿ?’

‘ಹಂಗಂತ ಹೇಳಿ ಮಾರು. ಕಂಬಳಿ ಅನ್ನೂದು ನಂಬಿಕಿ ಐತಿ, ಹೊದ್ದಾಂವ ಮುಗಿಲ ನೋಡೂದಿಲ್ಲ.’

ಹಾಗಾಗಿ ಎರಡು ನಮೂನೆ ಮಾಡಿದೆವು. ಗಂಜಿಯದಕ್ಕೆ ‘ಮಳೆ ಕಂಬಳಿ’ ಎಂದೂ ತೊಳೆದದ್ದಕ್ಕೆ ‘ಮೆತ್ತನೆ ಕಂಬಳಿ’ ಎಂದೂ ಚೀಟಿ ಅಂಟಿಸಿದೆ. ಕಣ್ಣಿಗೆ ಎರಡೂ ಒಂದೇ, ಕೈಗೆ ಮಾತ್ರ ಬೇರೆ. ಒಂದು ವರ್ಷ ಕುಂಟುತ್ತ, ಇನ್ನೊಂದು ವರ್ಷ ನಡೆಯುತ್ತ ಪುಟ ಸಾಗಿತು.

ಈಗ ಗೂಟದ ಮಾತು. ಮಗ್ಗದ ಪಕ್ಕದ ಗೋಡೆಯಲ್ಲಿ ಒಂದು ಕಟ್ಟಿಗೆಯ ಗೂಟ. ಸುಗ್ಗಿ ಮುಗಿಯುವ ಹೊತ್ತಿಗೆ ಸಣ್ಣಮಾವ ಹಿಂಡು ಹೊಡೆದುಕೊಂಡು ಶ್ರೀರಾಮನಗರದ ಕಾಲುವೆ ಕಡೆ, ಕೊಯ್ಲಾದ ಭತ್ತದ ಗದ್ದೆಗಳಿಗೆ ಹೋಗುತ್ತಾನೆ. ಹೊರಡುವ ಮುಂಚೆ ಆ ಗೂಟದ ಮೇಲಿನ ಹೊಸ ಕಂಬಳಿಯನ್ನು ತಾನೇ ತೆಗೆದುಕೊಳ್ಳುತ್ತಾನೆ. ಕೊಡು ಎನ್ನುವುದಿಲ್ಲ, ತಗೋ ಎನ್ನುವವರಿಲ್ಲ. ವರ್ಷದ ಉಣ್ಣೆ ತಮ್ಮನದು, ವರ್ಷಕ್ಕೊಂದು ಕಂಬಳಿ ಅಣ್ಣನದು. ಅವರಿಬ್ಬರೂ ಒಬ್ಬರಿಗೊಬ್ಬರು ಬೇರೇನನ್ನೂ ಕೊಟ್ಟದ್ದು ನಾನು ನೋಡಿಲ್ಲ. ಮಾತು ಕೂಡ ಅಷ್ಟಕ್ಕಷ್ಟೆ.

ಆ ಕಂಬಳಿಗೊಂದು ಗುರುತಿತ್ತು. ಎರಡು ಪಟ್ಟಿ ನೇಯ್ದು ನಡುವೆ ಹೊಲಿಗೆ ಹಾಕುವಾಗ ದೊಡ್ಡಮಾವ ಕೊನೆಯ ಗಂಟನ್ನು ಬಿಳಿ ಉಣ್ಣೆಯಿಂದ ಹಾಕುತ್ತಿದ್ದ. ಜೋಳದ ಕಾಳಿನಷ್ಟು. ಕರಿ ಕಂಬಳಿಯ ಅಂಚಿನಲ್ಲಿ ಹುಡುಕಿದರೆ ಮಾತ್ರ ಕಾಣುತ್ತದೆ. ಸಣ್ಣಮಾವನಿಗೂ ಅದು ಗೊತ್ತಿರಲಿಲ್ಲ. ಒಮ್ಮೆ ನಾನು ನೋಡಿ ಕೇಳಿದೆ. ‘ಅಂವ ತನ್ನ ಕುರಿಗೆ ಗುರ್ತು ಹಾಕ್ತಾನಲ್ಲ, ಕಳೀಬಾರದು ಅಂತ. ನಾ ನನ್ನ ತಮ್ಮಗ ಹಾಕ್ತೀನಿ’ ಎಂದು ಹೇಳಿ, ನಾಚಿಕೊಂಡು ಮುಖ ಆ ಕಡೆ ತಿರುಗಿಸಿದ.

ಮೂರನೆಯ ವರ್ಷ ಬೆಂಗಳೂರಿನ ಕಡೆಯಿಂದ ಒಬ್ಬರು ಫೋನು ಮಾಡಿದರು. ಬೆಟ್ಟದ ಮೇಲೆ ಕ್ಯಾಂಪ್ ನಡೆಸುವವರು. ಹನ್ನೆರಡು ಮಳೆ ಕಂಬಳಿ, ವಾರದೊಳಗೆ. ‘ಮೇಡಂ, ಹನ್ನೆರಡೂ ಒಟ್ಟಿಗೆ ಬರ್ಬೇಕು. ಚೆನ್ನಾಗಿದ್ರೆ ಮುಂದೆ ಎಲ್ಲಾ ಕ್ಯಾಂಪಿಗೂ ನಿಮ್ಹತ್ರಾನೇ ತಗೋತೀವಿ’ ಎಂದರು. ನಾನು ಎಣಿಸಲೂ ಇಲ್ಲ, ಹೂಂ ಅಂದುಬಿಟ್ಟೆ. ಆಮೇಲೆ ಎಣಿಸಿದರೆ ಇದ್ದದ್ದು ಹನ್ನೊಂದು.

ದೊಡ್ಡಮಾವ ಊರಲ್ಲಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೊನೆಕೊನೆಗೆ ಬೆರಳಲ್ಲಿ ತಡವಿಯೇ ನೇಯುತ್ತಿದ್ದ. ಒಂದರ ಹಿಂದೊಂದು ಪೊರೆ ತೆಗೆಸಲು ಅತ್ತೆ ಅವನನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋಗಿ, ಅಲ್ಲೇ ತನ್ನ ತಂಗಿಯ ಮನೆಯಲ್ಲಿ ಉಳಿದಿದ್ದಳು. ಹೋಗುವ ಮುಂಚೆ ದೊಡ್ಡಮಾವ ತಮ್ಮನ ಕಂಬಳಿಯನ್ನು ಮುಗಿಸಿ, ನೀರು ಸುರಿದು ನೋಡಿ, ಗೂಟಕ್ಕೆ ಹಾಕಿದ್ದ.

ಒಂದು ದಿನ ಗೂಟವನ್ನು ನೋಡದೆ ಓಡಾಡಿದೆ. ಒಂದು ಕಡಿಮೆ ಇದೆ ಎಂದು ಕ್ಯಾಂಪಿನವರಿಗೆ ಹೇಳಬಹುದಿತ್ತು. ಹೇಳಿದರೆ ಪೂರಾ ಆರ್ಡರೇ ಹೋದೀತು ಎಂದು ಅಂಜಿದೆ. ಎರಡನೆಯ ದಿನ ಗೂಟದ ಕಂಬಳಿ ಇಳಿಸಿ ಹನ್ನೆರಡನೆಯ ಕೊಳವೆಗೆ ಸುತ್ತಿದೆ. ಖಾಲಿ ಗೂಟ ಕಣ್ಣಿಗೆ ಕೆಟ್ಟದಾಗಿ ಕಂಡಿತು. ತಿರುಗಿ ಬಂದಿದ್ದ ಒಂದು ಮೆತ್ತನೆ ಕಂಬಳಿಯ ಚೀಟಿ ಕಿತ್ತು ಅಲ್ಲಿ ಹಾಕಿದೆ. ಸಣ್ಣಮಾವ ಬರಲು ಇನ್ನೂ ಹದಿನೈದು ದಿನವಿದೆ, ಅಷ್ಟರಲ್ಲಿ ದೊಡ್ಡಮಾವ ಬಂದು ಇನ್ನೊಂದಕ್ಕೆ ಗಂಜಿ ಹಚ್ಚುತ್ತಾನೆ ಎಂದುಕೊಂಡೆ. ಮತ್ತೊಂದು ಮಾತನ್ನೂ ಅಂದುಕೊಂಡೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸಣ್ಣಮಾವ ಏನು ರಿವ್ಯೂ ಬರೆಯುವವನಲ್ಲವಲ್ಲ ಎಂದುಕೊಂಡೆ.

ಆ ವರ್ಷ ಕಾಲುವೆ ಕಡೆ ಕೊಯ್ಲು ಬೇಗ ಮುಗಿಯಿತು. ಮೂರನೆಯ ದಿನವೇ ಸಣ್ಣಮಾವ ಬಂದ. ಅಂಗಳದಲ್ಲಿ ನಿಂತು ನೀರು ಕುಡಿದ, ಒಳಗೆ ಹೋದ, ಗೂಟದಿಂದ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡು ಬಂದ. ಬಾಗಿಲಲ್ಲಿ ನಿಂತು ಅದನ್ನು ಮುಷ್ಟಿಯಲ್ಲಿ ಹಿಚುಕಿದ.

‘ಈ ಸಲ ಭಾಳ ಮೆತ್ತಗೈತಲ್ಲ ಯವ್ವಾ?’

ಪಾರ್ಸೆಲ್‌ಗಳು ಹಿಂದಿನ ದಿನವೇ ಅಂಚೆಗೆ ಹೋಗಿದ್ದವು. ನಿಜ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಬೈಯುತ್ತಿದ್ದ, ಹಳೆಯ ಕಂಬಳಿಯಲ್ಲೇ ಹೋಗುತ್ತಿದ್ದ.

‘ಹೊಸಾ ನಮೂನಿ ಮಾವಾ’ ಅಂದೆ. ‘ಈಗ ಹಿಂಗ ಮಾಡಾಕತ್ಯಾನ.’

‘ಹೌದಾ? ಅಣ್ಣ ಮಾಡ್ಯಾನಂದ್ರ ಮಾಡ್ಯಾನ’ ಎಂದು ಹೊರಟುಹೋದ. ಹಳೆಯ ಕಂಬಳಿಯನ್ನು ಎಂದಿನಂತೆ ನಾಯಿಗೆ ಹಾಸಲು ಬಿಟ್ಟುಹೋದ.

ಅದಾಗಿ ಎರಡು ವಾರಕ್ಕೆ ಕಡಲಲ್ಲಿ ಎಲ್ಲೋ ಗಾಳಿ ಎದ್ದು ಚಳಿಗಾಲದ ಜಡಿಮಳೆ ಹಿಡಿಯಿತು. ಎರಡು ದಿನ ಬಿಡಲಿಲ್ಲ. ಮರಿ ಹಾಕುವ ಕಾಲ. ಬಯಲಲ್ಲಿ ಹೊಸ ಮರಿಗಳನ್ನು ಬಿದಿರಿನ ದೊಡ್ಡ ಬುಟ್ಟಿಯಡಿ ಬಿಟ್ಟು, ಬುಟ್ಟಿಯ ಮೇಲೆ ಕುರಿಗಾರ ತನ್ನ ಕಂಬಳಿ ಹೊದಿಸುತ್ತಾನೆ. ತಾನು ನೆನೆಯುತ್ತಾನೆ. ಇದು ನನಗೆ ಚಿಕ್ಕಂದಿನಿಂದ ಗೊತ್ತು. ಮಳೆ ಸುರಿದ ಎರಡೂ ದಿನ ನಾನು ತಗಡಿನ ಸಪ್ಪಳ ಕೇಳುತ್ತ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ.

ಮಳೆ ನಿಂತ ನಾಲ್ಕನೆಯ ದಿನ ಕ್ಯಾಂಪಿನವರ ರಿವ್ಯೂ ಬಂತು. ಐದಕ್ಕೆ ಐದು ನಕ್ಷತ್ರ. ‘ಎರಡು ದಿನ ಬಿಡದ ಮಳೆ. ಟೆಂಟ್ ಸೋರಿತು, ಕಂಬಳಿ ಸೋರಲಿಲ್ಲ. ನೇಯ್ದ ಕೈಗೆ ನಮಸ್ಕಾರ.’ ಜೊತೆಗೊಂದು ಫೋಟೊ. ಕಂಬಳಿ ಹೊದ್ದ ಹುಡುಗಿಯೊಬ್ಬಳು ನಗುತ್ತಿದ್ದಾಳೆ, ಹೊರಮೈಯ ಮೇಲೆ ನೀರಿನ ಮಣಿಗಳು ಹಾಗೇ ನಿಂತಿವೆ. ಚಿತ್ರ ದೊಡ್ಡದು ಮಾಡಿ ನೋಡಿದೆ. ಅವಳ ಗಲ್ಲದ ಕೆಳಗೆ, ಹೊಲಿಗೆಯ ತುದಿಯಲ್ಲಿ, ಜೋಳದ ಕಾಳಿನಷ್ಟು ಬಿಳಿ ಗಂಟು.

ಮರುದಿನ ದೊಡ್ಡಮಾವ, ಅತ್ತೆ ಕೊಪ್ಪಳದಿಂದ ಬಂದರು. ಆ ಸಂಜೆಯೇ ಸಣ್ಣಮಾವ ಬಂದ, ಹಿಂಡನ್ನು ಜೊತೆಗಾರರಿಗೆ ಒಪ್ಪಿಸಿ. ಹೆಗಲ ಮೇಲೆ ಏನೂ ಇರಲಿಲ್ಲ. ಅವನನ್ನು ಬರಿ ಹೆಗಲಲ್ಲಿ ನಾನು ಅದೇ ಮೊದಲು ನೋಡಿದ್ದು. ಕೆಮ್ಮುತ್ತ ಕಟ್ಟೆಯ ಮೇಲೆ ಕೂತ.

‘ಏಳು ಮರಿ ಹೋದವು’ ಎಂದ.

‘ಕಂಬಳಿ?’ ಎಂದ ದೊಡ್ಡಮಾವ.

‘ಹೊಚ್ಚಿದ್ದೆ. ಮುಂಜಾನೆ ಎತ್ತಾಕ ಹೋದ್ರ ನೀರು ಕುಡದು ಮಣಭಾರ ಆಗಿತ್ತು. ಬುಟ್ಟಿ ಕುಸದಿತ್ತು. ಮರಿ ಎಲ್ಲಾ ಸೆಟಗೊಂಡು... ಅದರಾಗ ಸುತ್ತಿ ಹುಗದು ಬಂದೆ.’ ಅಣ್ಣನ ಮುಖ ನೋಡದೆ ಹೇಳಿದ: ‘ಅಣ್ಣಾ, ನಿನ್ನ ಕೈ ಸೋತೈತಿ. ಇನ್ನ ಬಿಡು.’

ನಾನು ಹೊಸ್ತಿಲಲ್ಲಿ ನಿಂತಿದ್ದೆ, ನಾಲ್ಕು ಮಾರು ದೂರ. ಬಾಯಿ ತೆರೆದೆ. ಮಾತು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ; ಬಂದಿತ್ತು, ನಾನೇ ನುಂಗಿದೆ. ಇವತ್ತು ಬೇಡ, ನಾಳೆ ಹೇಳುತ್ತೇನೆ ಎಂದುಕೊಂಡು ಚಹಾ ಇಡಲು ಒಳಗೆ ಹೋದೆ.

ದೊಡ್ಡಮಾವ ವಾದ ಮಾಡಲಿಲ್ಲ. ನೀರು ಸುರಿದಾಗ ಬಿದ್ದ ಹನಿ ಪೊರೆಗಣ್ಣಿಗೆ ಕಾಣಲಿಲ್ಲವೇನೋ ಎಂದಷ್ಟೇ ಅಂದ. ಹೊಸ ಕಣ್ಣು ಬಂದಿತ್ತಲ್ಲ, ಮನೆಯಲ್ಲಿ ಉಳಿದಿದ್ದ ತನ್ನ ಮೆತ್ತನೆ ಕಂಬಳಿಗಳನ್ನೆಲ್ಲ ಬಿಸಿಲಿಗೆ ಹಿಡಿದು ನೋಡತೊಡಗಿದ. ಪೊರೆಗಣ್ಣಲ್ಲಿ ನೇಯ್ದವು, ಅಲ್ಲಲ್ಲಿ ಹೊಕ್ಕಿನ ನೂಲು ಸಡಿಲವಿದ್ದದ್ದು ನಿಜ. ಪ್ರತಿಯೊಂದನ್ನೂ ಬೆರಳಿಟ್ಟು ನನಗೆ ತೋರಿಸಿದ. ‘ನೋಡು, ಇಲ್ಲಿ. ನೋಡು, ಇಲ್ಲೂ. ಕುರುಡ ಮುದುಕ ನೇಯ್ದ, ನೀ ಮಾರಿದಿ. ನಾ ಏಳು ಜೀವ ತಿಂದೆ.’ ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಹೇಳಲಿಲ್ಲ. ನಾಳೆ, ನಾಡಿದ್ದು ಎನ್ನುತ್ತ ದಿನ ತಳ್ಳಿದೆ. ಒಂದು ದಿನ ಮೀರಿದರೆ ಮರುದಿನ ಹೇಳುವುದು ಇಮ್ಮಡಿ ಕಷ್ಟವಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ. ಆ ಹುಡುಗಿಯ ಫೋಟೊವನ್ನು ಪುಟದ ನೆತ್ತಿಗೆ ಹಾಕಿದೆ, ಸಣ್ಣಮಾವನ ಚಿತ್ರ ತೆಗೆದು. ಆ ಚಿತ್ರವನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಫೋಟೊ ನೋಡಿ ಮಂದಿ ಮುಗಿಬಿದ್ದರು. ಮೂರು ವರ್ಷದಲ್ಲಿ ಬರದಷ್ಟು ಆರ್ಡರು ಒಂದು ತಿಂಗಳಲ್ಲಿ ಬಂದವು. ದೊಡ್ಡಮಾವ ಮಗ್ಗಕ್ಕೆ ಇಳಿಯಲೇ ಇಲ್ಲ. ನಾನು ಎಲ್ಲರಿಗೂ ‘ಸ್ಟಾಕ್ ಮುಗಿದಿದೆ’ ಎಂದು ಒಂದೇ ಉತ್ತರ ಕಳಿಸುತ್ತ ಕುಷ್ಟಗಿಯ ನನ್ನ ಹಳೆಯ ಬಾಡಿಗೆ ಕೋಣೆಗೆ ಬಂದುಬಿಟ್ಟೆ.

ಶಿವರಾತ್ರಿ ಕಳೆದ ಮೇಲೆ ಅತ್ತೆ ಫೋನು ಮಾಡಿದಳು. ‘ನಿಮ್ಮ ಮಾವ ಎರಡು ಬಂಡಿ ಮಣ್ಣು ತರಿಸ್ಯಾನವ್ವಾ. ಕುಣಿ ಮುಚ್ಚತೇನಿ ಅಂತಾನ. ನೀ ಬಂದಾರ ಒಂದು ಮಾತು ಹೇಳು, ನಿನ್ನ ಮಾತು ಕೇಳ್ತಾನ’ ಎಂದಳು. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು. ಅವನ ಅಜ್ಜ ತೋಡಿದ್ದ ಕುಣಿ. ಮೊದಲ ಬಸ್ಸಿಗೇ ಹೋಗಬೇಕಿತ್ತು. ಬಸ್ ನಿಲ್ದಾಣದಲ್ಲಿ ಹೇಗೆ ಹೇಳಲಿ ಎಂದು ಯೋಚಿಸುತ್ತ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದೆ.

ಮುಟ್ಟುವಷ್ಟರಲ್ಲಿ ಕುಣಿ ಮುಚ್ಚಿತ್ತು. ಹಸಿ ಮಣ್ಣನ್ನು ತುಳಿದು ಸಪಾಟು ಮಾಡಿ ಅತ್ತೆ ಸಗಣಿ ಸಾರಿಸುತ್ತಿದ್ದಳು. ದೊಡ್ಡಮಾವ ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಿದ್ದ. ನಾನು ಅವನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಗೂಟ, ಹನ್ನೆರಡನೆಯ ಕೊಳವೆ, ಮೆತ್ತಗೈತಲ್ಲ ಎಂದು ಅವನ ತಮ್ಮ ಕೇಳಿದ್ದು, ನಾನು ಆಡಿದ ಸುಳ್ಳು. ಮೊಬೈಲ್ ತೆಗೆದು ಫೋಟೊ ತೋರಿಸಿದೆ. ‘ನೇಯ್ದ ಕೈಗೆ ನಮಸ್ಕಾರ’ ಎಂಬುದನ್ನು ಓದಿ ಹೇಳಿದೆ.

ಅವನು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಿಳಿ ಗಂಟಿನ ಮೇಲೆ ಹೆಬ್ಬೆರಳು ಇಟ್ಟ, ಚಿತ್ರ ಸರಿಯಿತು. ಮತ್ತೆ ತೋರಿಸಿದೆ. ಬಹಳ ಹೊತ್ತು ನೋಡಿದ.

‘ನೀರು ಹೆಂಗ ನಿಂತೈತಿ ನೋಡ ಇವಳೇ’ ಎಂದು ಅತ್ತೆಯನ್ನು ಕರೆದ. ‘ಒಳಗ ಇಳದಿಲ್ಲ. ಒಂದು ಹನಿ ಇಳದಿಲ್ಲ.’

ಆಮೇಲೆ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ‘ನಿನ್ನೆ ಹೇಳಿದ್ರ ಮಣ್ಣು ಹಾಕ್ತಿದ್ದಿಲ್ಲವ್ವಾ’ ಎಂದ.

‘ಮತ್ತ ತೋಡಸೋಣು ಮಾವಾ. ನಾಳಿಗೇ ಆಳು ಕರಕೊಂಡು ಬರ್ತೀನಿ.’

‘ಕುಣಿ ತೋಡಬಹುದು’ ಎಂದ. ‘ಮೂರು ತಿಂಗಳು ಕೆಳಗ ಇಳದಿಲ್ಲ. ಮೊಣಕಾಲು ಹಿಡಕೊಂಡಾವ. ಈಗ ಇಳದ್ರ ಮ್ಯಾಲ ಬರಾಕ ಆಗೂದಿಲ್ಲ.’ ಮೊಬೈಲ್ ನನ್ನ ಕೈಗಿಟ್ಟು, ‘ತಮ್ಮಗ ಹೇಳು. ಅಷ್ಟು ಮಾಡು. ಅಂವ ನನ್ನ ಕೈ ಸೋತೈತಿ ಅಂತ ತಿಳಕೊಂಡಾನ’ ಎಂದ.

ಮರುದಿನ ಶ್ರೀರಾಮನಗರಕ್ಕೆ ಹೋದೆ. ಕಾಲುವೆಯ ಏರಿಯ ಮೇಲೆ ಕೇಳುತ್ತ ಕೇಳುತ್ತ ನಡೆದು ಹಿಂಡನ್ನು ಹುಡುಕಿದೆ. ದೂರದಿಂದ ಸಣ್ಣಮಾವನ ಗುರುತು ಹತ್ತಲಿಲ್ಲ. ಹೆಗಲ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಹಾಕಿಕೊಂಡಿದ್ದ, ಗದ್ದೆಯಲ್ಲಿ ಭತ್ತ ಒಣಹಾಕುವಂಥದ್ದು. ನಡೆದರೆ ಪರಪರ ಸಪ್ಪಳ. ಬದುವಿನ ಮೇಲೆ ನಿಂತೇ ಎಲ್ಲವನ್ನೂ ಹೇಳಿದೆ. ಅವನು ಕುರಿಗಳ ಕಡೆ ನೋಡುತ್ತಲೇ ಕೇಳಿದ.

‘ನಾ ನಿನ್ನ ಕೇಳಿದ್ನಲ್ಲ ಯವ್ವಾ’ ಎಂದ. ‘ಮೆತ್ತಗೈತಲ್ಲ ಅಂತ ಕೇಳಿದ್ನಲ್ಲ.’

ನಾನು ಅತ್ತುಬಿಟ್ಟೆ. ಅವನು ಸುಮ್ಮನಿರು ಎನ್ನಲಿಲ್ಲ. ನಾನು ಅತ್ತು ಮುಗಿಸುವವರೆಗೆ ಕೋಲು ಊರಿ ನಿಂತಿದ್ದ.

‘ಮರಿ ಹುಟ್ಟತಾವ, ಸಾಯ್ತಾವ. ಅಣ್ಣಗ ನಾ ಆಡಿದ ಮಾತು ಹೆಂಗ ತಿರಗಿ ತಗೊಳ್ಳಲಿ?’ ಎಂದ. ಅವನು ತನ್ನ ಸಾಮಾನು ಹೇರುವ ಕತ್ತೆಯ ಬಳಿ ಹೋಗಿ ಒಂದು ಚೀಲ ಇಳಿಸಿಕೊಂಡು ಬಂದ. ಆ ಸಲ ಕತ್ತರಿಸಿದ ಉಣ್ಣೆ. ಅಣ್ಣ ನೇಯುವುದು ಬಿಟ್ಟ ಮೇಲೆ ಅದನ್ನು ಕೇಳುವವರಿರಲಿಲ್ಲ. ಬೇರೆಯವರು ಬದುವಿಗೆ ಚೆಲ್ಲಿ ಹೋಗುವಾಗ ಇವನು ಮಾತ್ರ ತುಂಬಿಟ್ಟುಕೊಂಡಿದ್ದ. ‘ಒಯ್ದು ಅಣ್ಣಗ ಕೊಡು. ಹೆಚ್ಚಿಗೇನೂ ಹೇಳಬ್ಯಾಡ’ ಎಂದ.

ಚೀಲವನ್ನು ಬಸ್ಸಿನ ಮೇಲೆ ಹೇರಿ ತಂದೆ. ದೊಡ್ಡಮಾವ ಅದರ ಬಾಯಿ ಬಿಚ್ಚಿ ಒಳಗೆ ಮೊಣಕೈವರೆಗೆ ಕೈ ಹಾಕಿದ. ಹಿಂಡಿನಲ್ಲಿ ಒಂದೆರಡು ಬಿಳಿ ಕುರಿಗಳಿವೆ. ಕರಿ ಉಣ್ಣೆಯ ನಡುವಿನಿಂದ ಒಂದು ಚಿಟಿಕೆ ಬಿಳಿಯದನ್ನು ಆರಿಸಿ ತೆಗೆದ. ಅದನ್ನು ತೊಡೆಯ ಮೇಲೆ ಹೊಸೆದು ನೂಲು ಮಾಡಿದ. ಚೀಲದ ಬಾಯಿ ಮತ್ತೆ ಕಟ್ಟಿ, ಕಟ್ಟಿದ ಹಗ್ಗದ ತುದಿಗೆ ಆ ನೂಲಿನಿಂದ ಒಂದು ಗಂಟು ಹಾಕಿದ.

ಪುಟವನ್ನು ಅದೇ ವಾರ ಮುಚ್ಚಿದೆ. ಚೀಲ ಈಗಲೂ ಅಲ್ಲೇ ಇದೆ, ಕುಣಿ ಇದ್ದ ಜಾಗದ ಮೇಲೆ. ಗಂಟನ್ನು ಯಾರೂ ಬಿಚ್ಚಿಲ್ಲ.